ಈರುಳ್ಳಿಯ ಮಡಿಯಲ್ಲಿ ಅಂತರದ ವಿಚಾರ

ಬೆಂಗಳೂರಿನ ಕಡೆ ಈರುಳ್ಳಿ, ಧಾರವಾಡದ ಕಡೆ ಉಳ್ಳಾಗಡ್ಡಿ, ಕರಾವಳಿಯಲ್ಲಿ ನೀರುಳ್ಳಿ ಎಂದು ಹೆಸರು ಬೇರೆಬೇರೆಯಾದರೂ ಈ ಗಡ್ಡೆಯ ಬಳಕೆ ನಾಡಿನಲ್ಲೆಲ್ಲ ಉಂಟು. ಹಿತ್ತಲಿನಲ್ಲಿ ಒಂದೆರಡು ಮಡಿ ಮಾಡಿ ಇದನ್ನು ಬೆಳೆದುಕೊಳ್ಳಬೇಕೆಂಬ ಅಭಿಲಾಷೆ ಅನೇಕರದು. ಆದರೆ ಮೂರು ತಿಂಗಳು ನೀರೆರೆದ ಬಳಿಕ ಕೈಗೆ ಬರುವುದು ಎಷ್ಟೋ ವೇಳೆ ಗೋಲಿಯಷ್ಟು ಗಡ್ಡೆ. ಆಗ ಮಣ್ಣನ್ನು ಹಳಿಯುವವರುಂಟು, ಬೀಜವನ್ನು ಹಳಿಯುವವರುಂಟು. ಸಸಿ ನೆಟ್ಟ ಕೈಯನ್ನು ವಿಚಾರಿಸುವವರು ವಿರಳ.

ಈರುಳ್ಳಿಯ ಗಡ್ಡೆ ಬೇರಲ್ಲ. ಎಲೆಗಳ ಬುಡಗಳೇ ಆಹಾರವನ್ನು ಕೂಡಿಟ್ಟುಕೊಂಡು ಪದರಪದರವಾಗಿ ಉಬ್ಬಿ ನಿಂತ ರೂಪ. ಬೇರುಗಳಾದರೋ ಬಹುಮಟ್ಟಿಗೆ ಮೇಲ್ಮಣ್ಣಿನಲ್ಲಿಯೇ ಹರಡತಕ್ಕವು. ನೆರೆಯ ಸಸಿ ತೀರ ಸಮೀಪದಲ್ಲಿದ್ದರೆ ನೀರು, ಗೊಬ್ಬರ, ಬಿಸಿಲು ಮೂರರಲ್ಲಿಯೂ ಎರಡಕ್ಕೂ ಕೊರತೆ. ಎಲೆ ಸೊರಗಿದ ಮೇಲೆ ಗಡ್ಡೆ ದಪ್ಪವಾಗುವುದೆಂತು?

ಸಸಿಮಡಿಯಲ್ಲಿ ಆರೇಳು ವಾರ ಬೆಳೆದ ಸಸಿಗಳನ್ನು ಸಾಲಿನಿಂದ ಸಾಲಿಗೆ 15 ಸೆಂಟಿಮೀಟರು, ಸಸಿಯಿಂದ ಸಸಿಗೆ 10 ಸೆಂಟಿಮೀಟರು ಬಿಟ್ಟು, ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕಿಳಿಸದೆ ನೆಡುವುದು ಯೋಗ್ಯ. ಅಂದರೆ 3 ಮೀಟರು ಉದ್ದ, 1 ಮೀಟರು ಅಗಲದ ಮಡಿಗೆ 200 ಸಸಿ ಸಾಕು. ಗಡ್ಡೆಯೊಂದು 60 ಗ್ರಾಂ ತೂಗಿದರೂ 12 ಕಿಲೋ ದೊರೆಯಿತು.

ಉಳಿದ ಸಸಿಗಳನ್ನು ಎಸೆಯಲು ಮನಸ್ಸು ಒಪ್ಪದೆಂಬ ಆಕ್ಷೇಪ ಸಹಜವಾದುದು. ಎಸೆಯಬೇಕಾಗಿಯೂ ಇಲ್ಲ. ಮೂಲೆಯೊಂದರಲ್ಲಿ ಒತ್ತಾಗಿ ನೆಟ್ಟು, ಎಳೆಯದಾಗಿ ಕಿತ್ತು, ಪಲ್ಯಕ್ಕೆ ಬಳಸಬಹುದು. ಹಾಗೆಂದು ಅಂತರವನ್ನು ಮನಬಂದಂತೆ ಹೆಚ್ಚಿಸುವುದೂ ಸಲ್ಲದು. ಅತಿಯಾದ ತೆರಪಿನಲ್ಲಿ ಬೆಳೆದ ಗಡ್ಡೆಯ ಕತ್ತು ದಪ್ಪವಾಗುತ್ತದೆ. ಅಂಥದು ಸರಿಯಾಗಿ ಒಣಗದೆ ಬೇಗ ಕೊಳೆಯುತ್ತದೆ. ಇನ್ನು ಬೆಂಗಳೂರು ಗುಲಾಬಿ ಈರುಳ್ಳಿ ಚಿಕ್ಕದಲ್ಲವೆ ಎಂದರೆ, ಚಿಕ್ಕದಾಗಿರುವುದು ಆ ತಳಿಯ ಸ್ವಭಾವ. ಇಕ್ಕಟ್ಟಿನಲ್ಲಿ ಕೃಶವಾದ ಗಡ್ಡೆಗೆ ಅದನ್ನು ಹೋಲಿಸಲಾಗದು.

ಶಾಲೆಗಳ ಕೈತೋಟಗಳಲ್ಲಿಯೂ ಈ ದೋಷ ಕಂಡುಬರುವುದು ವಿಷಾದಕರ. ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳ ಕಣ್ಣಿಗೆ ಮಡಿ ತುಂಬಿ ಕಾಣಲೆಂದು ಸಸಿಗಳನ್ನು ಒತ್ತೊತ್ತಾಗಿ ನೆಡಿಸಲಾಗುತ್ತದೆ. ಅತಿಥಿಗಳು ಹಸಿರನ್ನು ಮೆಚ್ಚಿ ತೆರಳುತ್ತಾರೆ. ಗಡ್ಡೆ ಕೀಳುವ ದಿನ ಅವರಾರೂ ಇರುವುದಿಲ್ಲ, ನಿರಾಶೆ ಮಕ್ಕಳ ಪಾಲಿಗೆ. ಇದರ ಬದಲು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೂ ಗುರುತು ಹಾಕಿದ ಅಳತೆಯ ಕೋಲೊಂದನ್ನು ಕೊಟ್ಟು, ತಾನು ನೆಟ್ಟ ಸಸಿಗಳನ್ನು ಎಣಿಸಿ, ಕೊನೆಗೆ ಗಡ್ಡೆಗಳನ್ನು ತೂಗಿ ಬರೆದಿಡುವಂತೆ ಮಾಡಿದರೆ ಗಣಿತವೂ ಕೃಷಿಯೂ ಒಟ್ಟಿಗೆ ಮನವರಿಕೆಯಾದಾವು. ತೋಟಕ್ಕೆ ನೆರವು ನೀಡುವ ದಾನಿಗಳೂ ಮಡಿಯ ಹಸಿರನ್ನಷ್ಟೇ ನೋಡದೆ ಆ ತೂಕದ ಪುಸ್ತಕವನ್ನು ಕೇಳಿ ನೋಡುವುದು ಒಳ್ಳೆಯದು.

ನಲವತ್ತು ಮಕ್ಕಳ ಕೊಠಡಿಯಲ್ಲಿ ಎಂಬತ್ತು ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದ ಅಧ್ಯಾಪಕರಿಗೆ ಅಂತರದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.