ಸವಕಳಿ: ಲೆಕ್ಕದ ಪುಸ್ತಕದಲ್ಲೊಂದು, ಬ್ರೇಕ್ ಡಿಸ್ಕಿನಲ್ಲೊಂದು

ಮಾರ್ಚ್ ತಿಂಗಳು ಬಂತೆಂದರೆ ಲೆಕ್ಕಪರಿಶೋಧಕರ ಕಚೇರಿಯ ದೂರವಾಣಿಗೆ ವಿಶ್ರಾಂತಿಯಿರುವುದಿಲ್ಲ. ‘ಈ ಖರ್ಚನ್ನು ಏಪ್ರಿಲ್‌ಗೆ ತಳ್ಳಬಹುದೇ ಸಾರ್?’ ಎಂಬ ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಬ್ಯಾಂಕಿಗೆ ಸಲ್ಲಿಸುವ ಲಾಭ-ನಷ್ಟದ ತಖ್ತೆ ಚೆನ್ನಾಗಿ ಕಾಣಬೇಕೆಂಬ ಆಸೆ ಸಹಜವೇ. ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯ ಕಕ್ಷಿದಾರರೊಬ್ಬರು, ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಉದ್ದಿಮೆದಾರರು, ತಮ್ಮ ಕಾರಿನ ಮುಂದಿನ ಬ್ರೇಕ್ ಡಿಸ್ಕುಗಳ ವಿಷಯದಲ್ಲಿಯೂ ಇದನ್ನೇ ಕೇಳಿದರು. ಡಿಸ್ಕ್ ಸವೆದಿದೆಯೆಂದು ಗ್ಯಾರೇಜಿನವರು ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟಿದ್ದರು. ನಾನು ಹೆಚ್ಚು ಯೋಚಿಸದೆ ‘ಆಗಬಹುದು’ ಎಂದುಬಿಟ್ಟೆ.

ಏಪ್ರಿಲ್ ಬಂದು ಹೋಯಿತು, ಡಿಸ್ಕ್ ಬದಲಾಗಲಿಲ್ಲ. ಮೇ ತಿಂಗಳಲ್ಲಿ ಅದೇ ಕಾರಿನಲ್ಲಿ ನಾವಿಬ್ಬರೂ ಮಂಗಳೂರಿಗೆ ಹೊರಟೆವು. ಸಕಲೇಶಪುರ ದಾಟಿ ಶಿರಾಡಿ ಘಾಟಿಯನ್ನು ಇಳಿಯುವಾಗ ಬ್ರೇಕ್ ಹಾಕಿದಾಗಲೆಲ್ಲ ಕಾರು ನಡುಗತೊಡಗಿತು. ಸುಟ್ಟ ವಾಸನೆ ಬಂತು. ಕಡೆಗೆ ಪೆಡಲ್ ಮೆತ್ತಗಾಗಿ ತಳಕ್ಕಿಳಿಯಿತು. ನಮ್ಮ ಮುಂದೆ ಒಂದು ಟ್ಯಾಂಕರ್ ಇತ್ತು. ಚಾಲಕರು ಗಾಬರಿಯಾಗದೆ ಗೇರ್ ಇಳಿಸಿ, ಕೈಬ್ರೇಕನ್ನು ಮೆಲ್ಲಗೆ ಎಳೆಯುತ್ತ ಬದಿಗೆ ತಂದು ನಿಲ್ಲಿಸಿದರು. ಹಿಂದಿರುಗಿದ ಮೇಲೆ ಚಕ್ರ ಬಿಚ್ಚಿ, ಅವರ ಕಾರ್ಖಾನೆಯ ಮೈಕ್ರೋಮೀಟರಿನಿಂದಲೇ ಅಳೆದೆವು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ 20 ಮಿ.ಮೀ. ಎಂದು ಒತ್ತಿತ್ತು, ಉಳಿದಿದ್ದುದು 18.4.

ನೂರನೇ ಎರಡು ಭಾಗ ವ್ಯತ್ಯಾಸವಾದರೂ ಜಾಬನ್ನು ತಿರಸ್ಕರಿಸುವ ಮನುಷ್ಯ ಅವರು. ಆ ಮೈಕ್ರೋಮೀಟರನ್ನು ತಮ್ಮ ಕಾರಿಗೆ ಮಾತ್ರ ಒಮ್ಮೆಯೂ ಹಿಡಿದಿರಲಿಲ್ಲ. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಹಿಡಿದಿದ್ದಾರೆಂದು ಕೇಳಲು ನನಗೆ ಸಂಕೋಚವಾಗುತ್ತದೆ.

‘ಸವಕಳಿ’ ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಆದಾಯ ತೆರಿಗೆಗೆ ಸ್ವಂತ ಬಳಕೆಯ ಕಾರಿಗೆ ಇಳಿದ ಮೌಲ್ಯದ ಮೇಲೆ ಶೇ. 15, 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಂತೆ ಆಯುಷ್ಯ 8 ವರ್ಷ. ಡಿಸ್ಕಿಗೆ ಈ ಲೆಕ್ಕ ತಿಳಿಯದು. ಇಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂಬ ಸೂತ್ರವೂ ನಿಲ್ಲುವುದಿಲ್ಲ. ಬಯಲುಸೀಮೆಯ ಹೆದ್ದಾರಿಯಲ್ಲಿ ಓಡುವ ಕಾರೂ ವಾರಕ್ಕೆರಡು ಬಾರಿ ಘಾಟಿ ಇಳಿಯುವ ಕಾರೂ ಒಂದೇ ಅಲ್ಲ. ಅಳತೆಯೊಂದೇ ಪ್ರಮಾಣ. ತಯಾರಕರು ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಹಬ್ ಭಾಗದಲ್ಲಿ ಅಥವಾ ಅಂಚಿನಲ್ಲಿ ಒತ್ತಿರುತ್ತಾರೆ. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ದಿಂಡಿನಂತೆ ಉಳಿಯುವುದರಿಂದ ವರ್ನಿಯರ್ ಇಟ್ಟರೆ ತಪ್ಪು ಅಳತೆ ಬರುತ್ತದೆ. ಅಂಚಿನಿಂದ ಒಳಗೆ, ಸುತ್ತಲೂ ನಾಲ್ಕಾರು ಕಡೆ ಮೈಕ್ರೋಮೀಟರಿನಿಂದ ಅಳೆಯಬೇಕು. ಸುತ್ತಲಿನ ದಪ್ಪ ಒಂದೇ ಸಮನಾಗಿಲ್ಲದಿದ್ದರೆ ಪೆಡಲ್ ಮಿಡಿಯುತ್ತದೆ. ತೆಳುವಾದ ಡಿಸ್ಕಿಗೆ ಶಾಖವನ್ನು ತಾಳುವ ಶಕ್ತಿ ಕಡಿಮೆ. ಆ ಶಾಖ ಬ್ರೇಕ್ ಎಣ್ಣೆಗೆ ತಲುಪಿ, ಹಳೆಯದಾಗಿ ತೇವಾಂಶ ಹೀರಿದ ಎಣ್ಣೆ ಕುದಿದರೆ ಪೆಡಲ್ ಮೆತ್ತಗಾಗುತ್ತದೆ. ಘಾಟಿಯಲ್ಲಿ ನಮಗಾದದ್ದು ಇದೇ.

ಅಂಚಿನವರೆಗೆ ಬಿರುಕು ಬಿಟ್ಟಿದ್ದರೆ ಅಳೆಯುವ ಅಗತ್ಯವೂ ಇಲ್ಲ, ಬದಲಾಯಿಸಲೇಬೇಕು. ಆಳವಾದ ಗೀರು ಬಿದ್ದಿದ್ದರೆ ಲೇತಿನಲ್ಲಿ ಮೇಲ್ಮೈ ಹೊಡೆಸಬಹುದು; ಆದರೆ ಹೊಡೆಸಿದ ಮೇಲೂ ಕನಿಷ್ಠ ದಪ್ಪಕ್ಕಿಂತ ಹೆಚ್ಚು ಉಳಿಯಬೇಕು. ಮಳೆಗೆ ನಿಂತ ಕಾರಿನ ಡಿಸ್ಕಿನ ಮೇಲೆ ಕಾಣುವ ತೆಳು ತುಕ್ಕಿಗೆ ಹೆದರಬೇಕಾಗಿಲ್ಲ, ನಾಲ್ಕು ಬಾರಿ ಬ್ರೇಕ್ ಹಾಕಿದರೆ ಹೋಗುತ್ತದೆ.

ಗ್ಯಾರೇಜಿನವರು ಹೇಳಿದ್ದನ್ನೆಲ್ಲ ಒಪ್ಪಬೇಕೆಂದು ನಾನು ವಾದಿಸುತ್ತಿಲ್ಲ. ಪ್ಯಾಡ್ ಬದಲಾಯಿಸುವಾಗಲೆಲ್ಲ ಅಳೆಯದೆಯೇ ಡಿಸ್ಕನ್ನೂ ಬದಲಾಯಿಸಿ ಬಿಲ್ ಮಾಡುವವರಿದ್ದಾರೆ. ಮಿಲಿಮೀಟರ್ ಲೆಕ್ಕವನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಓಚರ್ ಇಲ್ಲದ ಖರ್ಚನ್ನು ಒಪ್ಪದ ನಾವು ಅಳತೆಯಿಲ್ಲದ ‘ಸವೆದಿದೆ’ಯನ್ನಾಗಲಿ, ಅಳತೆಯಿಲ್ಲದ ‘ಇನ್ನೂ ಓಡುತ್ತದೆ’ಯನ್ನಾಗಲಿ ಏಕೆ ಒಪ್ಪಬೇಕು?

ಇನ್ನು ಖರ್ಚಿನ ಮಾತು. ವ್ಯಾಪಾರಕ್ಕೆ ಬಳಸುವ ಕಾರಿನ ಈ ವೆಚ್ಚ ಚಾಲ್ತಿ ದುರಸ್ತಿ, ಬಂಡವಾಳ ವೆಚ್ಚವಲ್ಲ. ಮಾರ್ಚಿನಲ್ಲಿ ಮಾಡಿದರೆ ಆ ವರ್ಷದ ಆದಾಯದಲ್ಲೇ ಕಳೆಯಬಹುದು. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಸಾಮಾನ್ಯ ಬಳಕೆಯ ಕಾರಿನ ದುರಸ್ತಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ, ಸರಕು ವಾಹನಕ್ಕೆ ಸಿಗುತ್ತದೆ. ವಿಮಾ ಪಾಲಿಸಿಯನ್ನೂ ಒಮ್ಮೆ ಓದಿ ನೋಡಿ: ಸವೆತದ ನಷ್ಟ ಅದರ ವ್ಯಾಪ್ತಿಗೆ ಬರುವುದಿಲ್ಲ, ವಾಹನವನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಹೊಣೆಯೆಂಬ ಷರತ್ತೂ ಅದರಲ್ಲಿದೆ. ಕಾರನ್ನು ಓಡಿಸುವವರು ಹೆಚ್ಚಾಗಿ ನಮ್ಮ ಸಂಬಳದ ಚಾಲಕರು. ಖರ್ಚು ಮುಂದೂಡುವ ತೀರ್ಮಾನದಲ್ಲಿ ಅವರ ಮಾತಿಗೆ ಜಾಗವೇ ಇರುವುದಿಲ್ಲ.

ನಮ್ಮ ಕಕ್ಷಿದಾರರು ಆ ವಾರವೇ ಎರಡೂ ಡಿಸ್ಕುಗಳನ್ನು, ಜೊತೆಗೆ ಹೊಸ ಪ್ಯಾಡುಗಳನ್ನು ಹಾಕಿಸಿದರು. ಒಂದೇ ಬದಿಗೆ ಹಾಕಿಸಿದರೆ ಕಾರು ಒಂದು ಕಡೆಗೆ ಎಳೆಯಬಹುದು. ಬ್ರೇಕ್ ಎಣ್ಣೆಯನ್ನೂ ಬದಲಾಯಿಸಿದರು. ಹೊಸ ಡಿಸ್ಕಿಗೆ ಪ್ಯಾಡ್ ಹೊಂದಿಕೊಳ್ಳುವವರೆಗೆ, ಮೊದಲ ಕೆಲವು ನೂರು ಕಿಲೋಮೀಟರ್, ಗಟ್ಟಿಯಾಗಿ ಬ್ರೇಕ್ ಹಾಕಬಾರದೆಂದು ಮೆಕ್ಯಾನಿಕ್ ಎಚ್ಚರಿಸಿದ್ದರಿಂದ, ಮುಂದಿನ ಮಂಗಳೂರು ಪ್ರವಾಸಕ್ಕೆ ನಾವು ಬಸ್ಸಿನಲ್ಲಿ ಹೋದೆವು. ಮಾರ್ಚಿನಲ್ಲಿ ಅಂಥ ಕರೆ ಬಂದರೆ ಈಗ ನಾನು ಮೊದಲು ಕೇಳುವುದು ಎಷ್ಟು ಮಿಲಿಮೀಟರ್ ಉಳಿದಿದೆ ಎಂದು.