ಹಳೆಯ ಕಂಪೈಲರ್‌ಗಳನ್ನೂ ದಾಖಲೆಯೆಂದೇ ಕಾಯಬೇಕು

ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ನೂರು ವರ್ಷ ಹಳೆಯ ಕಡತ ಸಿಕ್ಕರೆ ಅದನ್ನು ಓದಲು ಒಂದು ಕನ್ನಡಕ ಸಾಕು. ಮೋಡಿ ಲಿಪಿಯಲ್ಲಿದ್ದರೆ ಅದನ್ನು ಬಲ್ಲ ಹಿರಿಯರೊಬ್ಬರು ಸಾಕು. ಆದರೆ ಇಪ್ಪತ್ತು ವರ್ಷವೂ ತುಂಬದ ಕಂಪ್ಯೂಟರ್ ಲೆಕ್ಕವೊಂದರ ಮುಂದೆ ಇಡೀ ಕಚೇರಿ ಕೈಕಟ್ಟಿ ನಿಂತದ್ದನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ.

ಅದು 2011ರ ಮಾತು. ನೀರಾವರಿ ಯೋಜನೆಗೆ ಜಮೀನು ಬಿಟ್ಟುಕೊಟ್ಟಿದ್ದ ವೃದ್ಧ ರೈತರೊಬ್ಬರು ಒಂದು ಅರ್ಜಿ ಕೊಟ್ಟರು. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12ರ ಹೆಚ್ಚುವರಿ ಮೊತ್ತ, ಶೇ 30ರ ಸಾಂತ್ವನ ಧನ, ಮೊದಲ ವರ್ಷಕ್ಕೆ ಶೇ 9 ಮತ್ತು ಅನಂತರ ಶೇ 15ರ ಬಡ್ಡಿ ಸಲ್ಲಬೇಕಿತ್ತು. ಹಣ ಬಂದದ್ದು ಹಲವು ಕಂತುಗಳಲ್ಲಿ. ‘ನನಗೆ ಕೊಟ್ಟ ಕಂತುಗಳನ್ನು ಮೊದಲು ಅಸಲಿಗೆ ಜಮಾ ಮಾಡಿಕೊಂಡಿರೋ, ಬಡ್ಡಿಗೋ?’ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಮೊದಲು ಅಸಲಿಗೆ ಜಮಾ ಮಾಡಿದರೆ ಮುಂದಿನ ಬಡ್ಡಿ ಕುಗ್ಗುತ್ತದೆ, ಉಳಿದ ಬಾಕಿಯೂ ಇಳಿಯುತ್ತದೆ.

ಉತ್ತರ ಯಾರಿಗೂ ಗೊತ್ತಿರಲಿಲ್ಲ. ಲೆಕ್ಕ ಹಾಕಿದ್ದು 1990ರ ದಶಕದ ಆರಂಭದಲ್ಲಿ ಡಾಸ್ ವ್ಯವಸ್ಥೆಗಾಗಿ ಕ್ಲಿಪ್ಪರ್ ಭಾಷೆಯಲ್ಲಿ ಬರೆಸಿದ ತಂತ್ರಾಂಶ. ಆ ಕಂಪ್ಯೂಟರ್ ಗುಜರಿ ಹರಾಜಿನಲ್ಲಿ ಹೋಗಿತ್ತು. ತಂತ್ರಾಂಶ ಬರೆದವರ ವಿಳಾಸವಿರಲಿಲ್ಲ. ಬೀರುವಿನಲ್ಲಿ ಉಳಿದಿದ್ದುದು ಅದರ ಮೂಲ ಸಂಕೇತವೂ ಹಳೆಯ ದತ್ತಾಂಶವೂ ಇದ್ದ ನಾಲ್ಕು ಫ್ಲಾಪಿಗಳು ಮಾತ್ರ.

ಇಲ್ಲಿ ಒಂದು ವಿವರಣೆ ಅಗತ್ಯ. ಮನುಷ್ಯ ಬರೆಯುವ ಮೂಲ ಸಂಕೇತವನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸುವ ಸಾಧನವೇ ಕಂಪೈಲರ್. ಅದಿಲ್ಲದಿದ್ದರೆ ಮೂಲ ಸಂಕೇತವನ್ನು ಓದಬಹುದು, ಓಡಿಸಲಾಗದು. ಓದಿ ನಿಯಮವನ್ನು ಊಹಿಸಬಹುದಾದರೂ ಅದೇ ನಿಯಮದಿಂದ ಅದೇ ಮೊತ್ತ ಬಂದಿತೆಂದು ರುಜುವಾತುಪಡಿಸಲಾಗದು; ತಪ್ಪಿದ್ದರೆ ತಿದ್ದಿ, ಪಟ್ಟಿಯಲ್ಲಿದ್ದ ಉಳಿದವರ ಲೆಕ್ಕವನ್ನು ಮತ್ತೆ ಹಾಕಲೂ ಆಗದು.

ಕ್ಲಿಪ್ಪರ್ ರೂಪಿಸಿದ್ದು ಅಮೆರಿಕದ ನ್ಯಾಂಟುಕೆಟ್ ಕಂಪನಿ. 1992ರಲ್ಲಿ ಅದು ಕಂಪ್ಯೂಟರ್ ಅಸೋಸಿಯೇಟ್ಸ್‌ನ ವಶವಾಯಿತು. ನಾವು ವಿಚಾರಿಸಿದ ಯಾವ ಮಾರಾಟಗಾರನೂ ದರಪಟ್ಟಿ ಕೊಡಲಿಲ್ಲ. ಕೊನೆಗೆ ಕಚೇರಿಯ ತರುಣ ತಾಂತ್ರಿಕ ಸಹಾಯಕರೊಬ್ಬರು ‘ಹಾರ್ಬರ್’ ಎಂಬುದನ್ನು ಹುಡುಕಿ ತೆಗೆದರು. ಅದು ಕ್ಲಿಪ್ಪರ್‌ಗೆ ಹೊಂದುವಂತೆ ಸ್ವಯಂಸೇವಕರು 1999ರಿಂದ ಕಟ್ಟಿದ ಉಚಿತ, ಮುಕ್ತ ಕಂಪೈಲರ್. ಅದರಲ್ಲಿ ಸಂಕೇತವನ್ನು ಓಡಿಸಲು ಹಿಡಿದದ್ದು ಒಂದು ಮಧ್ಯಾಹ್ನ. ಅದಕ್ಕೆ ಅನುಮತಿ ಪಡೆಯುವ ಕಡತಕ್ಕೆ ಹಿಡಿದದ್ದು ನಾಲ್ಕು ತಿಂಗಳು. ‘ಉಚಿತವಾಗಿ ಬಂದುದನ್ನು ದಾಸ್ತಾನು ಪುಸ್ತಕದಲ್ಲಿ ಯಾವ ಬೆಲೆಗೆ ನಮೂದಿಸುವುದು?’ ಎಂಬ ಟಿಪ್ಪಣಿಗೆ ಉತ್ತರ ಬರೆದವನು ನಾನೇ. ಅಷ್ಟರಲ್ಲಿ ಆ ವೃದ್ಧರು ಮೂರು ಬಾರಿ ಊರಿನಿಂದ ಬಂದು ಬರಿಗೈಯಲ್ಲಿ ಮರಳಿದ್ದರು. ಕಂತುಗಳು ಮೊದಲು ಅಸಲಿಗೇ ಜಮಾ ಆಗಿದ್ದವು ಎಂಬುದು ಕೊನೆಗೆ ಖಚಿತವಾಯಿತು. ಅದು ಸರಿಯೇ ತಪ್ಪೇ ಎಂಬುದು ಕಾನೂನು ಬಲ್ಲವರು ನಿರ್ಧರಿಸಬೇಕಾದ ವಿಷಯ. ಆದರೆ ತನ್ನ ಹಣವನ್ನು ಹೇಗೆ ಎಣಿಸಲಾಯಿತು ಎಂದು ಕೇಳಿದ ಪ್ರಜೆಗೆ ಉತ್ತರ ಕೊಡುವುದು ಆಡಳಿತದ ಮೊದಲ ಕರ್ತವ್ಯ.

ಕ್ಲಿಪ್ಪರ್‌ನ ವಿಷಯದಲ್ಲಿ ನಮಗೆ ಅದೃಷ್ಟವಿತ್ತು. ಎಲ್ಲ ಹಳೆಯ ಭಾಷೆಗಳಿಗೂ ಇಂಥ ಭಾಗ್ಯವಿಲ್ಲ. ಬೋರ್ಲ್ಯಾಂಡ್ ಕಂಪನಿ ತನ್ನ ಟರ್ಬೊ ಪ್ಯಾಸ್ಕಲ್, ಟರ್ಬೊ ಸಿಗಳ ಕೆಲವು ಹಳೆಯ ಆವೃತ್ತಿಗಳನ್ನು ‘ಪ್ರಾಚೀನ ತಂತ್ರಾಂಶ’ವೆಂದು ಕರೆದು ಉಚಿತವಾಗಿ ಬಿಟ್ಟುಕೊಟ್ಟಿತು. ಆದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಎರಡು ತಲೆಮಾರು ಕಲಿತ ಟರ್ಬೊ ಸಿ++ 3.0 ಆ ಪಟ್ಟಿಯಲ್ಲಿ ಇರಲೇ ಇಲ್ಲ. ಕೆನಡಾ ಮೂಲದ ವಾಟ್‌ಕಾಮ್ ಕಂಪೈಲರನ್ನು ಅದರ ಒಡೆತನ ಪಡೆದಿದ್ದ ಸೈಬೇಸ್ ಕಂಪನಿ ಮುಕ್ತಗೊಳಿಸಿದ್ದರಿಂದ 2003ರಲ್ಲಿ ‘ಓಪನ್ ವಾಟ್‌ಕಾಮ್’ ಹೊರಬಂದಿತು. ಡಾಸ್, ಓಎಸ್/2 ಮತ್ತು ಹಳೆಯ ವಿಂಡೋಸ್‌ಗೆ ಇಂದಿಗೂ ಅದೇ ಆಸರೆ.

ಹೀಗಾಗಿ ಉಚಿತ ಎಂಬ ಮಾತಿಗೆ ಎರಡು ಅರ್ಥಗಳಿರುವುದನ್ನು ಗಮನಿಸಬೇಕು. ಒಂದು, ಬೆಲೆಯಿಲ್ಲದಿರುವುದು, ಇನ್ನೊಂದು, ಬಳಸಲು, ನಕಲು ಮಾಡಲು, ಹಂಚಲು ಅನುಮತಿ ಇರುವುದು. ಎರಡನೆಯದಿಲ್ಲದ ಮೊದಲನೆಯದು ಸಾರ್ವಜನಿಕ ಸಂಸ್ಥೆಗೆ ನಿರುಪಯುಕ್ತ. ಗ್ಯಾರಿ ಕಿಲ್ಡಾಲ್ 1974ರಲ್ಲಿ ರೂಪಿಸಿದ ಸಿಪಿ/ಎಂ ವ್ಯವಸ್ಥೆಯ ಕಥೆ ಇದಕ್ಕೆ ನಿದರ್ಶನ. ಅದರ ಹಕ್ಕು ಕೈಯಿಂದ ಕೈಗೆ ಹೋಗಿ, 2001ರಲ್ಲಿ ಒಂದು ಜಾಲತಾಣಕ್ಕೆ ಮಾತ್ರ ಅನ್ವಯವಾಗುವಂತೆ ತೋರುತ್ತಿದ್ದ ಅನುಮತಿ ದೊರೆಯಿತು. ಅದು ಎಲ್ಲರಿಗೂ ಅನ್ವಯವೆಂದು ಹಕ್ಕುದಾರರು ಸ್ಪಷ್ಟಪಡಿಸಿದ್ದು 2022ರಲ್ಲಿ. ಒಂದು ಪುಟದ ಪತ್ರಕ್ಕೆ ಇಪ್ಪತ್ತೊಂದು ವರ್ಷ!

ಅರ್ಥಶಾಸ್ತ್ರದ ದೃಷ್ಟಿಯಿಂದ ಇದೊಂದು ವಿಚಿತ್ರ ವೈಫಲ್ಯ. ಹಳೆಯ ಕಂಪೈಲರ್‌ನ ಇನ್ನೊಂದು ಪ್ರತಿ ತೆಗೆಯಲು ಖರ್ಚಿಲ್ಲ. ಒಬ್ಬರು ಬಳಸಿದರೆ ಇನ್ನೊಬ್ಬರ ಪಾಲು ಕಡಿಮೆಯಾಗುವುದಿಲ್ಲ. ಒಡೆಯನಿಗೆ ಅದರಿಂದ ಬಿಡಿಗಾಸಿನ ವರಮಾನವಿಲ್ಲ. ಆದರೂ ಒಡೆಯ ಯಾರೆಂದು ಪತ್ತೆಹಚ್ಚಿ ಅನುಮತಿ ಪಡೆಯುವ ವೆಚ್ಚ ವಸ್ತುವಿನ ಬೆಲೆಗಿಂತ ಹೆಚ್ಚಾಗಿ, ಯಾರಿಗೂ ಲಾಭವಾಗದ ನಿರ್ಬಂಧ ಮುಂದುವರಿಯುತ್ತದೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ತಂತ್ರಾಂಶವನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಲೇಖಕನ ನಿಧನಾನಂತರದ ಅರವತ್ತು ವರ್ಷಗಳ ರಕ್ಷಣೆ ಕಾದಂಬರಿಗೆ ಒಪ್ಪಬಹುದು. ಹತ್ತು ವರ್ಷದಲ್ಲಿ ಮಾರುಕಟ್ಟೆ ಬಿಡುವ ಸಾಧನಕ್ಕೆ ಅದು ವಿಪರೀತ.

ಇವೆಲ್ಲ ಅಂತರ್ಜಾಲದ ಸಂಗ್ರಹಗಳಲ್ಲಿ ಹೇಗೂ ಸಿಗುತ್ತವಲ್ಲ ಎಂದು ಕೇಳುವವರಿದ್ದಾರೆ. ಖಾಸಗಿ ಹವ್ಯಾಸಿಗೆ ಅಷ್ಟು ಸಾಕಾದೀತು. ಅನುಮತಿಯಿಲ್ಲದ, ಮೂಲ ಗೊತ್ತಿಲ್ಲದ ಪ್ರತಿಯಿಂದ ತೆಗೆದ ಲೆಕ್ಕವನ್ನು ಅಧಿಕಾರಿಯೊಬ್ಬ ನ್ಯಾಯಾಲಯದ ಮುಂದಿಟ್ಟರೆ ಎದುರು ವಕೀಲರ ಮೊದಲ ಪ್ರಶ್ನೆಗೇ ಅದು ಬಿದ್ದುಹೋಗುತ್ತದೆ. ಹಳೆಯ ಸಂಕೇತದಲ್ಲಿ ಬೇರೆಯವರ ಹಕ್ಕುಗಳೂ ಬೆರೆತಿರುತ್ತವೆ ಎಂಬ ಕಂಪನಿಗಳ ಅಳುಕು ನಿಜವಾದದ್ದೇ. ಆದರೂ ಮೈಕ್ರೋಸಾಫ್ಟ್ ಡಾಸ್‌ನ ಆದಿ ಆವೃತ್ತಿಗಳ ಮೂಲ ಸಂಕೇತವನ್ನು 2018ರಲ್ಲಿ, 4.0 ಆವೃತ್ತಿಯದನ್ನು 2024ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಮನಸ್ಸಿದ್ದರೆ ಮಾರ್ಗವಿದೆ.

ಮಾಡಬೇಕಾದುದು ಕಷ್ಟದ್ದೇನಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೇ ಕಂಪ್ಯೂಟರ್ ಉತ್ಪಾದಿಸಿದ್ದನ್ನು ದಾಖಲೆಯೆಂದು ಒಪ್ಪಿದೆ. ಅದನ್ನು ಉತ್ಪಾದಿಸಿದ ಸಾಧನವನ್ನೂ ಅದರೊಂದಿಗೆ ಕಾಯುವ ಪದ್ಧತಿ ಬರಬೇಕು. ಸರ್ಕಾರ ತಂತ್ರಾಂಶ ಬರೆಸುವ ಪ್ರತಿ ಟೆಂಡರಿನಲ್ಲಿ ಮೂಲ ಸಂಕೇತ, ಕಂಪೈಲರ್‌ನ ಹೆಸರು ಮತ್ತು ಆವೃತ್ತಿ, ಅದರ ಪ್ರತಿ, ಮುಂದೆಯೂ ಬಳಸುವ ಲಿಖಿತ ಅನುಮತಿ – ಈ ನಾಲ್ಕನ್ನೂ ಒಪ್ಪಿಸಿದ ಮೇಲೆಯೇ ಅಂತಿಮ ಬಿಲ್ಲು ಪಾವತಿಯಾಗಬೇಕು. ಮಾರುಕಟ್ಟೆಯಿಂದ ಮರೆಯಾದ ತಂತ್ರಾಂಶವನ್ನು ಪತ್ರಾಗಾರಗಳೂ ಗ್ರಂಥಾಲಯಗಳೂ ಇಟ್ಟುಕೊಂಡು ಬಳಸುವಂತೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸ್ಪಷ್ಟ ವಿನಾಯಿತಿ ಬೇಕು. ಜಿಲ್ಲಾ ಕಚೇರಿಗಳ ಬೀರುಗಳಲ್ಲಿ ಉಳಿದಿರಬಹುದಾದ ಫ್ಲಾಪಿಗಳನ್ನು ಬೂಷ್ಟು ತಿನ್ನುವ ಮೊದಲೇ ನಕಲು ತೆಗೆದಿಡಬೇಕು.

ಇಂದಿನ ಪ್ರಮುಖ ಸೇವೆಗಳೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತಿವೆ. ಇಂದು ಕೊಟ್ಟ ಪಿಂಚಣಿ, ಪರಿಹಾರ, ತೆರಿಗೆಯ ಲೆಕ್ಕವನ್ನು 2045ರಲ್ಲಿ ಒಬ್ಬ ವೃದ್ಧರು ಬಂದು ಪ್ರಶ್ನಿಸುತ್ತಾರೆ. ಅವರನ್ನು ಮೂರು ಬಾರಿ ಅಲೆಸದೆ ಉತ್ತರ ಕೊಡುವ ಸಾಧನವನ್ನು ಎತ್ತಿಡಬೇಕಾದವರು ಇಂದು ಕುರ್ಚಿಯಲ್ಲಿರುವವರು.