ದ್ವೀಪದ ಕಥೆಯಲ್ಲಿ ಬಿಟ್ಟುಹೋದವರು

ವಿಶ್ವಸಂಸ್ಥೆ 2025ನ್ನು ಕ್ವಾಂಟಂ ವಿಜ್ಞಾನದ ವರ್ಷವೆಂದು ಸಾರಿದ ಮೇಲೆ ಒಂದು ಕಥೆ ಮತ್ತೆ ಮತ್ತೆ ಕಿವಿಗೆ ಬಿದ್ದಿದೆ. 1925ರ ಜೂನ್‌ನಲ್ಲಿ, 23ರ ಹರೆಯದ ಜರ್ಮನ್ ಭೌತವಿಜ್ಞಾನಿ ವರ್ನರ್ ಹೈಸನ್‌ಬರ್ಗ್ ಪರಾಗದ ಅಲರ್ಜಿ ತಾಳಲಾರದೆ ಉತ್ತರ ಸಮುದ್ರದ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹೋದರು. ಅಲ್ಲಿ ಒಂದು ರಾತ್ರಿ ಲೆಕ್ಕ ಕೂಡಿಬಂತು. ಪರಮಾಣು ಲೋಕವನ್ನು ವಿವರಿಸುವ ಕ್ವಾಂಟಂ ಮೆಕ್ಯಾನಿಕ್ಸ್ ಹುಟ್ಟಿತು.

ಕಥೆ ಸುಳ್ಳಲ್ಲ, ಹೈಸನ್‌ಬರ್ಗ್ ಅವರೇ ಬರೆದುಕೊಂಡದ್ದು. ಆದರೂ ಸಿದ್ಧಾಂತದ ಹುಟ್ಟನ್ನು ಆ ಒಂದು ರಾತ್ರಿಗೆ ಕಟ್ಟಿಹಾಕುವುದನ್ನು ಒಪ್ಪಲು ನನಗೆ ಕಷ್ಟ.

ಅವರ ಹೆಜ್ಜೆ ದೊಡ್ಡದೇ. ಪರಮಾಣುವಿನೊಳಗೆ ಎಲೆಕ್ಟ್ರಾನ್ ಸುತ್ತುವ ಕಕ್ಷೆಯನ್ನು ಯಾರೂ ಕಂಡವರಿಲ್ಲ. ನಮಗೆ ಸಿಗುವುದು ಪರಮಾಣು ಹೊಮ್ಮಿಸುವ ಬೆಳಕಿನ ಆವರ್ತಾಂಕ ಮತ್ತು ತೀವ್ರತೆ ಮಾತ್ರ. ಹಾಗಾದರೆ ಲೆಕ್ಕದಲ್ಲೂ ಅವಷ್ಟೇ ಇರಲಿ ಎಂದರು. ಆದರೆ ಆ ಲೆಕ್ಕದಲ್ಲಿ ಎರಡು ರಾಶಿಗಳನ್ನು ಗುಣಿಸುವಾಗ ಯಾವುದು ಮೊದಲು ಎಂಬುದರ ಮೇಲೆ ಉತ್ತರ ಬದಲಾಗುತ್ತಿತ್ತು. ಇದು ಅವರನ್ನು ಕಾಡಿತು. ಪ್ರಕಟಣೆಗೆ ಯೋಗ್ಯವೇ ನೋಡಿ ಎಂದು ಪ್ರಬಂಧವನ್ನು ಗಾಟಿಂಗೆನ್‌ನಲ್ಲಿ ಪ್ರಾಧ್ಯಾಪಕ ಮ್ಯಾಕ್ಸ್ ಬಾರ್ನ್ ಕೈಗಿತ್ತರು.

ಬಾರ್ನ್ ಅದನ್ನು ಪತ್ರಿಕೆಗೆ ಕಳಿಸಿ ಸುಮ್ಮನಾಗಲಿಲ್ಲ. ಆ ವಿಚಿತ್ರ ಗುಣಾಕಾರ ತಲೆಯಲ್ಲಿ ಕೊರೆಯುತ್ತಲೇ ಇತ್ತು. ವಿದ್ಯಾರ್ಥಿಯಾಗಿದ್ದಾಗ ಬ್ರೆಸ್ಲಾವ್‌ನಲ್ಲಿ ಕಲಿತ ಮ್ಯಾಟ್ರಿಕ್ಸ್ ಗಣಿತ ನೆನಪಾಯಿತು; ಅಂಕಿಗಳ ಚೌಕಗಳನ್ನು ಗುಣಿಸುವ ಅದರಲ್ಲೂ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. ಆಗಿನ ಭೌತವಿಜ್ಞಾನಿಗಳಲ್ಲಿ ಹೆಚ್ಚಿನವರಿಗೆ ಅದರ ಪರಿಚಯವೇ ಇರಲಿಲ್ಲ. ಜೊತೆಗೂಡಲು ಭೌತವಿಜ್ಞಾನಿ ಪೌಲಿಯವರನ್ನು ಕೇಳಿದರು, ಅವರು ಒಲ್ಲೆ ಎಂದರು. 22ರ ಪಾಸ್ಕುವಲ್ ಯೋರ್ಡಾನ್ ಒಪ್ಪಿಕೊಂಡರು. ಸ್ಥಾನ ಮತ್ತು ಸಂವೇಗವನ್ನು ಅದಲುಬದಲಾಗಿ ಗುಣಿಸಿದಾಗ ಬರುವ ವ್ಯತ್ಯಾಸವನ್ನು ಪ್ಲಾಂಕ್ ಸ್ಥಿರಾಂಕ ನಿರ್ಧರಿಸುತ್ತದೆ ಎಂಬ ಸೂತ್ರ ಮೂಡಿದ್ದು ಇವರಿಬ್ಬರ ಸೆಪ್ಟೆಂಬರ್ ಪ್ರಬಂಧದಲ್ಲಿ. ನವೆಂಬರ್‌ನಲ್ಲಿ ಮೂವರೂ ಸೇರಿ ಬರೆದ ಪ್ರಬಂಧದಲ್ಲಿ ಸಿದ್ಧಾಂತ ಪೂರ್ಣ ಆಕಾರಕ್ಕೆ ಬಂತು. ಅಷ್ಟರಲ್ಲಿ ಕೇಂಬ್ರಿಡ್ಜ್‌ನಲ್ಲಿ ಯುವ ಭೌತವಿಜ್ಞಾನಿ ಡಿರಾಕ್ ಬೇರೆ ದಾರಿಯಿಂದ ಅದೇ ಸೂತ್ರಕ್ಕೆ ತಲುಪಿದ್ದರು.

ಮಕ್ಕಳನ್ನು ಸೆಳೆಯಲು ಇಂಥ ಕಥೆ ಬೇಕಲ್ಲ ಎನ್ನುವವರಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಈ ಕಥೆಯನ್ನಷ್ಟೇ ಕೇಳಿದ ಹುಡುಗಿ, ತನಗೆ ಅಂಥ ರಾತ್ರಿ ಬರದಿದ್ದರೆ ವಿಜ್ಞಾನ ತನ್ನದಲ್ಲವೆಂದುಕೊಳ್ಳುತ್ತಾಳೆ. ಇನ್ನೊಬ್ಬರ ಅರೆಬರೆ ಹಾಳೆಯನ್ನು ತಾಳ್ಮೆಯಿಂದ ಓದಿ, ಅದರಲ್ಲಿ ಏನಿದೆಯೆಂದು ಕಂಡುಹಿಡಿಯುವುದೂ ವಿಜ್ಞಾನವೇ ಎಂದು ಆಕೆಗೆ ಯಾರು ಹೇಳಬೇಕು?

1932ರ ನೊಬೆಲ್ ಹೈಸನ್‌ಬರ್ಗ್ ಒಬ್ಬರಿಗೇ ಬಂತು. ಮೂವರ ಕೆಲಸಕ್ಕೆ ತಾನೊಬ್ಬನೇ ಬಹುಮಾನ ಪಡೆದದ್ದು ಮನಸ್ಸಿಗೆ ಚುಚ್ಚುತ್ತಿದೆ ಎಂದು ಅವರೇ ಬಾರ್ನ್‌ಗೆ ಪತ್ರ ಬರೆದರು. ಬಾರ್ನ್ 1954ರವರೆಗೆ ಕಾಯಬೇಕಾಯಿತು. ಯೋರ್ಡಾನ್‌ಗೆ ಬರಲೇ ಇಲ್ಲ. ಅವರು ನಾಜಿ ಪಕ್ಷ ಸೇರಿದ್ದು ಅಳಿಸಲಾಗದ ಕಳಂಕ. ಆದರೆ 1925ರ ಅವರ ಗಣಿತವನ್ನು ಅದು ಸುಳ್ಳಾಗಿಸುವುದಿಲ್ಲ.

ಬಾರ್ನ್ ಕಥೆಗೆ ಬೆಂಗಳೂರಿನ ನಂಟೂ ಇದೆ. ಯೆಹೂದಿ ಎಂಬ ಕಾರಣಕ್ಕೆ 1933ರಲ್ಲಿ ಹುದ್ದೆ ಕಳೆದುಕೊಂಡ ಬಾರ್ನ್, ಸಿ.ವಿ. ರಾಮನ್ ಕರೆಗೆ ಓಗೊಟ್ಟು 1935-36ರಲ್ಲಿ ಸುಮಾರು ಆರು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಇಲ್ಲೇ ಕಾಯಂ ಆಗಿ ಉಳಿಸಿಕೊಳ್ಳಲು ರಾಮನ್ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು.

ನಮ್ಮ ಅಧ್ಯಾಪಕರು ಹೆಲ್ಗೊಲ್ಯಾಂಡ್ ಕಥೆಯನ್ನು ಖಂಡಿತ ಹೇಳಲಿ. ಅದೇ ತರಗತಿಯಲ್ಲಿ, ಆ ಪ್ರಬಂಧವನ್ನು ಓದಿ ಅರ್ಥಮಾಡಿಕೊಂಡ ಬಾರ್ನ್ ಬೆಂಗಳೂರಿನಲ್ಲೂ ಕೆಲಕಾಲ ಇದ್ದರು ಎಂಬುದನ್ನೂ ದಯವಿಟ್ಟು ಹೇಳಲಿ.